ದಡಿಯ ನಕ್ಷತ್ರಗಳು

ಸೀರೆ ತಪಾಸಣೆ ಮಾಡುವಾಗ ಅಣ್ಣ ಕಣ್ಣು ಆಡಿಸುತ್ತಿರಲಿಲ್ಲ. ಮಗ್ಗದಿಂದ ಬಿಚ್ಚಿದ ಬಟ್ಟೆಯನ್ನು ಇಳಿಜಾರು ಹಲಗೆಯ ಮೇಲೆ ಹಾಕಿ, ಮೇಲಿನ ಟ್ಯೂಬ್‌ಲೈಟು ಹಚ್ಚಿ, ಎರಡೂ ಕೈಯಿಂದ ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದ. ಬಟ್ಟೆ ಓಡಬೇಕು, ಕಣ್ಣು ನಿಲ್ಲಬೇಕು. ಅದು ಅಪ್ಪ ಕಲಿಸಿದ ಪದ್ಧತಿ. ನಡುವೆ ನೋಡುತ್ತ ನಿಲ್ಲು, ಎರಡೂ ಕಡೆಯ ದಡಿ ತಾನಾಗಿ ಕಣ್ಣಿನ ಮೂಲೆಗೆ ಬಂದು ಬೀಳಬೇಕು. ಎಡದ ದಡಿಯನ್ನು ನೋಡಲು ಹೋದರೆ ಅಷ್ಟರಲ್ಲಿ ಬಲದ ದಡಿಯ ತಪ್ಪು ದಾಟಿ ಹೋಗುತ್ತದೆ ಎಂದು ಅಪ್ಪ ಹೇಳುತ್ತಿದ್ದ. ದಡಿ ಅಂದರೆ ಸೀರೆಯ ಅಂಚು. ಮೈಯಲ್ಲಿ ಒಂದು ಎಳೆ ತಪ್ಪಿದರೆ ಉಟ್ಟವರಿಗೂ ಗೊತ್ತಾಗದೆ ಇರಬಹುದು, ದಡಿಯಲ್ಲಿ ತಪ್ಪಿದರೆ ಅಂಗಡಿಯವನು ಗಂಟು ಬಿಚ್ಚಿದ ಕೂಡಲೇ ಮುಖ ಸಿಂಡರಿಸುತ್ತಾನೆ. ಅಣ್ಣನ ಕಣ್ಣು ತಪ್ಪಿಸಿ ಹೋದ ದಡಿ ಇಲ್ಲವೆಂದು ನಮ್ಮ ಓಣಿಯಲ್ಲಿ ಮಾತಿತ್ತು. ಆ ಕಣ್ಣು ಹೋಗುತ್ತಿದೆ ಎಂದು ನಮಗೆ ಮೊದಲು ತಿಳಿಸಿದ್ದು ಡಾಕ್ಟರಲ್ಲ, ಟೆಲಿಸ್ಕೋಪಿಗೆ ಹಾಕುವ ಒಂದು ಚಿಕ್ಕ ಗಾಜಿನ ಕೊಳವೆ.

ನಮ್ಮದು ಬನಹಟ್ಟಿಯ ನೇಕಾರರ ಓಣಿ. ಮುಂದೆ ಮನೆ, ಹಿಂದೆ ಪಾವರ್‌ಲೂಮಿನ ಶೆಡ್ಡು, ಶೆಡ್ಡಿನ ಮೇಲೆ ಮಾಳಿಗೆ. ಮಗ್ಗದ ಕೆಲಸ ಅಣ್ಣನ ಪಾಲಿಗೆ ಬಂತು. ನಾನು ನಾಲ್ಕಕ್ಷರ ಕಲಿತವನೆಂಬ ನೆಪದಲ್ಲಿ ಜಮಖಂಡಿಯ ವಕೀಲರೊಬ್ಬರ ಹತ್ತಿರ ಗುಮಾಸ್ತನಾದೆ; ಮುಂಜಾನೆ ಬಸ್ಸು ಹಿಡಿದು ಹೋಗಿ ಸಂಜೆಗೆ ಬರುತ್ತೇನೆ. ಕಂಡದ್ದನ್ನು ಕಂಡಿಲ್ಲ ಎನ್ನುವವರನ್ನೂ ಕಾಣದ್ದನ್ನು ಕಂಡೆ ಎನ್ನುವವರನ್ನೂ ದಿನವಿಡೀ ಕೋರ್ಟಿನ ಪಡಸಾಲೆಯಲ್ಲಿ ಕೇಳಿ ಕೇಳಿ ನನ್ನ ನಾಲಿಗೆ ಕಹಿಯಾಗಿದೆ ಎಂದು ವೈನಿ, ಅಂದರೆ ಅಣ್ಣನ ಹೆಂಡತಿ, ಹೇಳುತ್ತಾರೆ. ಇರಬಹುದು. ಸಿಹಿಯಾಗಲು ಕಾರಣವೂ ಇರಲಿಲ್ಲ.

ಟೆಲಿಸ್ಕೋಪು ಅಣ್ಣನ ಹುಚ್ಚು. ಒಂದು ಮಳೆಗಾಲ, ನೂಲಿನ ಅಭಾವದಿಂದ ಮಗ್ಗಗಳು ನಿಂತಿದ್ದಾಗ, ಎಂಟು ಇಂಚು ಅಗಲದ ಎರಡು ದಪ್ಪ ಗಾಜಿನ ಬಿಲ್ಲೆ ತರಿಸಿದ. ಹಿತ್ತಿಲಲ್ಲಿ ಮರಳು ತುಂಬಿದ ಡ್ರಮ್ಮಿನ ಮೇಲೆ ಒಂದನ್ನು ಕೂರಿಸಿ, ಒದ್ದೆ ಸಾಣೆಪುಡಿ ಹಾಕಿ, ಇನ್ನೊಂದನ್ನು ಅದರ ಮೇಲೆ ಉಜ್ಜುತ್ತ ಡ್ರಮ್ಮಿನ ಸುತ್ತ ಗಾಣದ ಎತ್ತಿನ ಹಾಗೆ ತಿರುಗಿದ. ಓಣಿಯವರು ಬಂದು ಬಂದು ನೋಡಿ ನಕ್ಕು ಹೋದರು. ನಾನೂ ನಕ್ಕವನೇ. ಮೇಲಿನ ಗಾಜು ತಗ್ಗಾಗುತ್ತ ಹೋಗಿ, ಬಟ್ಟಲಿನ ಒಳಮೈಯಂಥ ಕನ್ನಡಿಯಾಯಿತು.

ಮಾಳಿಗೆಯ ಕಡಿದಾದ ಮೆಟ್ಟಿಲಲ್ಲಿ ಒಬ್ಬನೇ ಹೊತ್ತೊಯ್ಯುವಂತಿರಬೇಕೆಂದು ಅವನು ಟೆಲಿಸ್ಕೋಪಿನ ಕೊಳವೆಯನ್ನು ಗಿಡ್ಡ ಇಟ್ಟ. ಗಿಡ್ಡ ಕೊಳವೆಗೆ ಕನ್ನಡಿಯ ತಗ್ಗು ಹೆಚ್ಚು ಬೇಕು. ತನ್ನ ಅಗಲದ ನಾಲ್ಕು ಪಟ್ಟು ದೂರದಲ್ಲೇ ಅದು ಬೆಳಕನ್ನು ಒಂದು ಕಡೆ ಕೂಡಿಸಿಬಿಡಬೇಕು. ಬಲ್ಲವರು ಇಂಥದಕ್ಕೆ ಫಾಸ್ಟ್ ಟೆಲಿಸ್ಕೋಪ್ ಎನ್ನುತ್ತಾರೆ. ಆಕಾಶದ ದೊಡ್ಡ ತುಂಡು ಒಮ್ಮೆಲೇ ಕಾಣುವುದು ಇದರ ಲಾಭ. ನಡುವಿನ ಚುಕ್ಕೆ ಚುಕ್ಕೆಯಾಗಿಯೇ ಇದ್ದರೂ ಅಂಚಿನ ಚುಕ್ಕೆಗೆ ಬಾಲ ಮೂಡುವುದು ಇದರ ರೋಗ. ಆ ಬಾಲದಲ್ಲಿ ಸ್ವಲ್ಪ ಪಾಲು ಕನ್ನಡಿಯ ಹುಟ್ಟುಗುಣ, ಯಾರು ಉಜ್ಜಿದರೂ ಹೋಗುವುದಿಲ್ಲ. ಉಳಿದ ಪಾಲು ಐಪೀಸಿನದು.

ಐಪೀಸ್ ಎಂದರೆ ಕಣ್ಣಿಟ್ಟು ನೋಡುವ ಆ ಪುಟ್ಟ ಕೊಳವೆ, ಒಳಗೆ ಮಸೂರಗಳು. ನಮ್ಮಲ್ಲಿದ್ದದ್ದು ಹಾಳಾದ ಸೂಕ್ಷ್ಮದರ್ಶಕದಿಂದ ಕಿತ್ತದ್ದು. ಅಣ್ಣ ಅದಕ್ಕೆ ಕಾಗದ ಸುತ್ತಿ ಸಡಿಲ ತುಂಬಿ ಕೂರಿಸಿದ್ದ. ಅದರಲ್ಲಿ ನೋಡಿದರೆ ಬಿದಿರು ಕೊಳವೆಯಲ್ಲಿ ಇಣುಕಿದ ಹಾಗೆ, ಸುತ್ತಲೂ ಕತ್ತಲು, ನಡುವೆ ಒಂದಿಷ್ಟು ಆಕಾಶ. ಕೃತ್ತಿಕೆಯ ಗುಂಪು ಪೂರ್ತಿ ಹಿಡಿಸುತ್ತಿರಲಿಲ್ಲ. ಒಂದು ಚುಕ್ಕೆ ಒಳಗೆ ತಂದರೆ ಮತ್ತೊಂದು ಹೊರಗೆ ಹೋಗುತ್ತಿತ್ತು. ಇಷ್ಟೇ ನೋಡಲು ಅಷ್ಟೆಲ್ಲ ಸುತ್ತು ತಿರುಗಿದೆನೇ ಎಂದು ಅಣ್ಣ ವರ್ಷಗಟ್ಟಲೆ ಅದನ್ನು ಬೈದಿದ್ದಾನೆ. ಬಿದಿರು ಕೊಳವೆ ಎಂಬ ಹೆಸರು ಇಟ್ಟವನೂ ಅವನೇ.

ಮುಧೋಳದಲ್ಲಿ ಫೋಟೋ ಸ್ಟುಡಿಯೋ ಇಟ್ಟ ಗೆಳೆಯರೊಬ್ಬರಿಗೆ ಇದೇ ಹುಚ್ಚು ಇತ್ತು. ಅಗಲ ನೋಟದ ಐಪೀಸ್ ಒಂದು ಬೇಕೆಂದು ನಾನು ಅವರ ಬೆನ್ನು ಹತ್ತಿದೆ. ಅವರು ಮೊದಲು ನಮ್ಮ ವಯಸ್ಸು ಕೇಳಿದರು. ಐವತ್ತು ದಾಟಿದ ಮೇಲೆ ಕತ್ತಲಲ್ಲೂ ಕಣ್ಣಿನ ಪಾಪೆ ಹೆಚ್ಚು ಅರಳುವುದಿಲ್ಲವಂತೆ. ನಮ್ಮಂಥ ಟೆಲಿಸ್ಕೋಪಿಗೆ ಮೂವತ್ತು ಮಿಲಿಮೀಟರಿನ ಐಪೀಸು ಹಾಕಿದರೆ ಹೊರಬರುವ ಬೆಳಕಿನ ಕಂಬ ಪಾಪೆಗಿಂತ ದಪ್ಪವಾಗಿ, ಎಷ್ಟೋ ಬೆಳಕು ಕಣ್ಣೊಳಗೆ ಹೋಗದೆ ಪೋಲಾಗುತ್ತದೆ. ಅದಕ್ಕೆ ಇಪ್ಪತ್ತರದು ಸರಿ ಎಂದು ಹೇಳಿ ಅಂಥ ಎರಡನ್ನು ಕೈಗಿಟ್ಟರು. ಒಂದು ಹಗುರದ್ದು, ಅಗ್ಗದ್ದು. ಇನ್ನೊಂದು ಒಳಗೆ ಹೆಚ್ಚು ಮಸೂರಗಳಿರುವ, ಕೈಯಲ್ಲಿ ಹಿಡಿದರೆ ತಕ್ಕಡಿಯ ತೂಕದ ಕಲ್ಲಿನಂತೆ ಜಗ್ಗುವ ಭಾರದ್ದು. ಕೆಲವು ದಿನ ಎರಡರಲ್ಲೂ ನೋಡಿ, ಒಂದನ್ನು ಇಟ್ಟುಕೊಂಡು ಒಂದನ್ನು ಮರಳಿ ಕೊಡಿ ಎಂದರು. ಅವನ್ನು ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ.

ಆ ಚಳಿಗಾಲ ಮನೆಯಲ್ಲಿ ನಗು ಇರಲಿಲ್ಲ. ಮಾಲು ವಾಪಸ್ಸು ಬರತೊಡಗಿತ್ತು. ಸೀರೆಯ ಮೈ ಚೊಕ್ಕ, ದಡಿಯಲ್ಲಿ ಮಾತ್ರ ಒಂದೆರಡು ಎಳೆ ಹರಿದು ಹೋಗಿ ಹಾಗೆಯೇ ಮೊಳಗಟ್ಟಲೆ ನೇಯ್ದು ಹೋಗಿರುತ್ತಿತ್ತು. ವ್ಯಾಪಾರಿ ಮೊದಲು ನಯವಾಗಿ ಹೇಳಿದ, ಆಮೇಲೆ ನಯ ಬಿಟ್ಟ. ತನ್ನ ಹಲಗೆ ದಾಟುವಾಗ ಒಂದೂ ತಪ್ಪು ಇರಲಿಲ್ಲ ಎಂದು ಅಣ್ಣ ಆಣೆ ಮಾಡಿದ. ಮೊದಲು ನೂಲಿನ ಮೇಲೆ ಅನುಮಾನ ಬಂತು, ಆಮೇಲೆ ಮಗ್ಗದ ಮೇಲೆ, ಕೊನೆಗೆ ಮಗ್ಗ ನಡೆಸುವವನ ಮೇಲೆ.

ಆತ ಹತ್ತಿರದ ರನ್ನ ಬೆಳಗಲಿ ಎಂಬ ಊರಿನವನು, ಅಪ್ಪನ ಕಾಲದಿಂದ ನಮ್ಮಲ್ಲಿ ದುಡಿದವನು. ಒಂದು ದಿನ ಅಣ್ಣ ಎಲ್ಲರೆದುರಿಗೆ ಆ ಸೀರೆಗಳನ್ನು ಅವನ ಮುಂದೆ ಹಾಕಿದ. ಅವನು ಬಗ್ಗಿ ದಡಿ ಮುಟ್ಟಿ ನೋಡಿದ. ಎಳೆ ಹೋದದ್ದು ತನ್ನ ಮಗ್ಗದ ಮೇಲೆಯೇ, ಗಂಟು ಹಾಕುವುದು ತಪ್ಪಿತ್ತು ಎಂದು ಒಪ್ಪಿಕೊಂಡ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಅವನು ತಲೆ ಎತ್ತಿ ಇನ್ನೊಂದು ಮಾತು ಸೇರಿಸಿದ.

"ಆದ್ರ ಅಣ್ಣಾರ, ಇದು ನಿಮ್ಮ ಹಲಗಿ ಮ್ಯಾಲೂ ಹಾದು ಹೋಗೇತಲ್ರಿ."

ಎಂದೂ ದನಿ ಎತ್ತದ ಅಣ್ಣ ಅಂದು ಎತ್ತಿದ. ನಾಳೆಯಿಂದ ಬರಬೇಡ ಎಂದುಬಿಟ್ಟ. ನಾನೂ ಅಲ್ಲೇ ಇದ್ದೆ, ಅಣ್ಣನ ಪರವಾಗಿ ಎರಡು ಮಾತು ಜೋಡಿಸಿದೆ. ದಡಿಯ ವಿಷಯದಲ್ಲಿ ಅಣ್ಣನ ಮಾತಿಗಿಂತ ದೊಡ್ಡ ಸಾಕ್ಷಿ ನಮ್ಮ ಮನೆಯಲ್ಲಿ ಇರಲಿಲ್ಲ. ಆತ ಊಟದ ಡಬ್ಬಿ ತೆಗೆದುಕೊಂಡು, ಯಾರನ್ನೂ ನೋಡದೆ ಹೋದ. ಹೊಸಬನೊಬ್ಬ ಬಂದ. ಮಾಲು ವಾಪಸ್ಸು ಬರುವುದು ನಿಲ್ಲಲಿಲ್ಲ.

ಇಂಥ ದಿನಗಳಲ್ಲಿ ಆಕಾಶ ನೋಡುವ ಮಾತು ಎತ್ತಲು ನನಗೇ ಸಂಕೋಚವಾಗುತ್ತಿತ್ತು. ಆದರೂ ಅಣ್ಣ ಎರಡು ಗಳಿಗೆ ಎಲ್ಲ ಮರೆಯಲಿ ಎಂಬ ಆಸೆ. ನಮ್ಮ ಮಾಳಿಗೆಯ ಮೇಲೆ ಟೆಲಿಸ್ಕೋಪು ಇಡಲು ಕರೆಂಟು ಹೋಗಬೇಕು. ಮಗ್ಗಗಳು ಓಡುತ್ತಿದ್ದರೆ ನೆಲ ಅದುರುತ್ತದೆ, ನೆಲ ಅದುರಿದರೆ ಚುಕ್ಕೆಗಳು ಕುಣಿಯುತ್ತವೆ. ನಮ್ಮ ಮಗ್ಗ ನಿಲ್ಲಿಸಿದರೆ ಸಾಲದು, ಪಕ್ಕದವರದೂ ಹಿಂದಿನವರದೂ ನಿಲ್ಲಬೇಕು. ಒಂದು ಸಂಜೆ, ದೀಪ ಹಚ್ಚುವ ಹೊತ್ತು ದಾಟಿ ಸ್ವಲ್ಪ ಹೊತ್ತಿಗೆ, ಕರೆಂಟು ಹೋಯಿತು. ಇಡೀ ಓಣಿಯ ಸದ್ದು ಒಮ್ಮೆಲೇ ಸತ್ತಿತು. ಕಿವಿಯಲ್ಲಿ ಮಾತ್ರ ಇನ್ನೂ ಖಟಖಟ ಉಳಿದಿತ್ತು. ಇಬ್ಬರೂ ಮೇಲೆ ಓಡಿದೆವು. ಸಕ್ಕರೆ ಕಾರ್ಖಾನೆಯ ಹೊಗೆ ಅಡಿವಾನದಲ್ಲಿ ಹರಡಿತ್ತು, ನೆತ್ತಿ ಮಾತ್ರ ತಿಳಿಯಾಗಿತ್ತು, ಕೃತ್ತಿಕೆ ಮೇಲೆಯೇ ಇತ್ತು.

ಮೊದಲು ಹಗುರದ್ದನ್ನು ಹಾಕಿ ನಾನು ನೋಡಿದೆ. ಅಗಲವೇನೋ ಅಗಲ, ಕಿಟಕಿ ತೆರೆದ ಹಾಗಿತ್ತು. ಆದರೆ ನಡುವಿನಿಂದ ಅರ್ಧ ದಾರಿ ದಾಟಿದ ಮೇಲೆ ಚುಕ್ಕೆಗಳು ಕೆಟ್ಟು, ಅಂಚಿಗೆ ಹೋಗುವಷ್ಟರಲ್ಲಿ ಹಿಂಜಿದ ಹತ್ತಿಯ ಹಾಗೆ ಹರಡಿದ್ದವು. ಭಾರದ್ದನ್ನು ಹಾಕಿದೆ. ಅಷ್ಟೇ ಅಗಲ, ಚುಕ್ಕೆಗಳು ಮಾತ್ರ ಅಂಚಿನ ಹತ್ತಿರದವರೆಗೂ ಸೂಜಿಮೊನೆಯಂತೆ ನಿಂತಿದ್ದವು. ತೀರ ತುದಿಯಲ್ಲಿ ತುಸು ಬಾಲ. ಆರಿಸಲು ಯೋಚನೆಯೇ ಬೇಕಿರಲಿಲ್ಲ. ಆದರೂ ನಾನು ಬಾಯಿ ಬಿಡಲಿಲ್ಲ. ಸಾಕ್ಷಿಯ ಬಾಯಿಗೆ ಮಾತು ತುರುಕಬಾರದು ಎಂಬುದು ನನ್ನ ನೌಕರಿ ಕಲಿಸಿದ ಪಾಠ. ದಡಿ ನೋಡುವುದರಲ್ಲಿ ಅಣ್ಣ ಹಿರಿಯ, ಅವನೇ ಹೇಳಲಿ ಎಂದುಕೊಂಡೆ.

ಅವನು ಬಗ್ಗಿ ಕಣ್ಣಿಟ್ಟ. ಹಲಗೆಯ ಮುಂದೆ ನಿಲ್ಲುತ್ತಿದ್ದಂತೆಯೇ ನಿಂತ, ನೋಟ ನಡುವೆ ನೆಟ್ಟು. ಒಂದರಲ್ಲಿ ನೋಡಿದ, ಇನ್ನೊಂದರಲ್ಲಿ ನೋಡಿದ, ಮತ್ತೆ ಮೊದಲಿನದನ್ನು ಕೇಳಿದ.

"ಎರಡೂ ಒಂದ ಅದಾವ," ಅಂದ. "ದಡಿ ಸ್ವಚ್ಛ ಐತಿ. ಹಗೂರದ್ದ ಇಟ್ಕೊಳ್ಳೂನು."

ನನಗೆ ಸಿಟ್ಟು ಬಂತು. ವ್ಯಾಪಾರ ಕೆಟ್ಟಿದೆಯೆಂದು ಅಗ್ಗದ್ದಕ್ಕೆ ಕೈ ಹಾಕುತ್ತಿದ್ದಾನೆ, ನೆಟ್ಟಗೆ ಹೇಳುವ ಬದಲು ಕಂಡದ್ದನ್ನು ಕಂಡಿಲ್ಲ ಎನ್ನುತ್ತಿದ್ದಾನೆ ಅನ್ನಿಸಿತು. ಕೋರ್ಟಿನಲ್ಲಿ ಕೇಳುವುದನ್ನು ಮನೆಯಲ್ಲೂ ಕೇಳಬೇಕೇ ಎಂದು ಮೈ ಉರಿಯಿತು. ದಡಿಯನ್ನೇ ದಿಟ್ಟಿಸಿ ಇನ್ನೊಮ್ಮೆ ನೋಡು ಎಂದೆ. ನನಗೆ ದಡಿ ನೋಡಲು ಕಲಿಸಲು ಬಂದೆಯಾ ಎಂದು ಅವನೂ ಬಿರುಸಾದ. 

ಆಗ ನನಗೆ ಒಂದು ಕುಚೇಷ್ಟೆ ಹೊಳೆಯಿತು. ಇನ್ನೊಮ್ಮೆ ಭಾರದ್ದನ್ನು ಹಾಕುತ್ತೇನೆ ಎಂದು ಹೇಳಿ, ಅವನಿಗೆ ತಿಳಿಯದಂತೆ ಹಳೆಯ ಸೂಕ್ಷ್ಮದರ್ಶಕದ ಐಪೀಸನ್ನು, ಅವನೇ ಬೈದು ಬೈದು ಸಾಕಾದ ಬಿದಿರು ಕೊಳವೆಯನ್ನು, ಕೂರಿಸಿದೆ. ಕಣ್ಣಿಟ್ಟ ಕೂಡಲೇ ಬೈಯುತ್ತಾನೆ, ಆಗ ಹಿಡಿಯುತ್ತೇನೆ ಎಂದು ಕಾದೆ.

ಅಣ್ಣ ನೋಡಿದ. ಸಮಾಧಾನದಿಂದ, ಬಹಳ ಹೊತ್ತು ನೋಡಿದ.

"ಹೌದು, ಅಷ್ಟ ಅಗಲ ಐತಲ್ಲ," ಅಂದ. "ಭಾರದ್ದೇನು, ಹಗೂರದ್ದೇನು."

ಮೂರರಲ್ಲೂ ಅವನು ಒಂದೇ ಆಕಾಶ ನೋಡಿದ್ದ. ಬಿದಿರು ಕೊಳವೆ ಈಗ ಐಪೀಸಿನಲ್ಲಿ ಇರಲಿಲ್ಲ, ಅವನ ಕಣ್ಣಿನಲ್ಲೇ ಇತ್ತು. ಮೋಡ ಬಂತು ಎಂದು ಸುಳ್ಳು ಹೇಳಿ ಎಲ್ಲವನ್ನೂ ಕೆಳಗೆ ಇಳಿಸಿದೆ. ಅವನು ನನ್ನ ಹಿಂದೆ ಮೆಟ್ಟಿಲು ಇಳಿಯುವಾಗ ಭುಜ ಗೋಡೆಗೆ ತಾಗಿಸಿಕೊಂಡದ್ದು ಕೇಳಿಸಿತು. ಆ ಸದ್ದು ನನಗೆ ಹೊಸದಾಗಿರಲಿಲ್ಲ. ಎಷ್ಟೋ ತಿಂಗಳಿಂದ ಕೇಳುತ್ತಲೇ ಇದ್ದೆ. ವೈನಿ ಪಕ್ಕದಲ್ಲಿಟ್ಟ ಚಹಾದ ಲೋಟವನ್ನು ಅವನು ಕೈತಾಗಿ ಉರುಳಿಸುತ್ತಿದ್ದುದೂ, ನಾವೆಲ್ಲ ವಯಸ್ಸಾಯಿತೆಂದು ಚೇಷ್ಟೆ ಮಾಡಿದ್ದೂ ಒಂದೊಂದಾಗಿ ನೆನಪಿಗೆ ಬಂದವು.

ಮರುದಿನ ಮುಂಜಾನೆ ಕೋರ್ಟಿಗೆ ಹೋಗಲಿಲ್ಲ. ಅಣ್ಣನನ್ನು ಅಂಗಳದ ಬೆಳಕಿನಲ್ಲಿ ನಿಲ್ಲಿಸಿ, ನನ್ನ ಮೂಗನ್ನೇ ನೋಡು, ನನ್ನ ಕೈ ಕಂಡಾಗ ಹೇಳು ಎಂದೆ. ಹುಡುಗಾಟವೆಂದು ಅವನು ನಕ್ಕ. ಕೈಯನ್ನು ಅವನ ಕಿವಿಯ ಪಕ್ಕದಿಂದ ನಿಧಾನವಾಗಿ ಮುಂದೆ ತಂದೆ, ಬೆರಳು ಆಡಿಸುತ್ತ. ಅವನು ಹೇಳಲಿಲ್ಲ. ಇನ್ನೂ ತಂದೆ. ಹೇಳಲಿಲ್ಲ. ಕೈ ಹೆಚ್ಚು ಕಡಿಮೆ ಅವನ ಮುಖದೆದುರು ಬಂದ ಮೇಲೆ, ಹಾಂ ಈಗ ಬಂತು ಎಂದ. ಇನ್ನೊಂದು ಕಡೆಯೂ ಹಾಗೆಯೇ. ಬಾಗಿಲಲ್ಲಿ ನೀರಿನ ಕೊಡ ಹಿಡಿದು ನಿಂತಿದ್ದ ವೈನಿ ನನ್ನ ಕೈ ಎಲ್ಲಿಂದ ಹೊರಟಿತ್ತು ಎಂಬುದನ್ನು ನೋಡಿದ್ದರು. ಅವರ ಮುಖ ನೋಡಿ ಅಣ್ಣನ ನಗು ನಿಂತಿತು.

ಅವನು ಏನೂ ಕೇಳದೆ ಶೆಡ್ಡಿಗೆ ಹೋದ. ವ್ಯಾಪಾರಿಯಿಂದ ವಾಪಸ್ಸು ಬಂದು ಮೂಲೆಯಲ್ಲಿ ಬಿದ್ದಿದ್ದ ಸೀರೆಗಳನ್ನು ಹಲಗೆಯ ಮೇಲೆ ಹಾಕಿದ. ಅಪ್ಪನ ಪದ್ಧತಿ ಬಿಟ್ಟು, ಮೊದಲ ಸಲ, ಕತ್ತು ತಿರುಗಿಸಿ ದಡಿಯನ್ನೇ ನೇರ ನೋಡಿದ. ನೇರ ನೋಡಿದರೆ ಎಲ್ಲ ಕಾಣುತ್ತಿತ್ತು. ಎಳೆ ಹೋದ ಜಾಗಕ್ಕೆ ಬೆರಳು ಇಟ್ಟ, ಎಳೆದ, ಮತ್ತೊಂದಕ್ಕೆ ಬೆರಳು ಇಟ್ಟ. ಒಂದು ಸೀರೆ ಮುಗಿಸಿ ಇನ್ನೊಂದು ತೆಗೆದ. ಸಾಕು ಬಿಡು ಎಂದು ನಾನು ಹೇಳಿದರೂ ಬಿಡಲಿಲ್ಲ. ಕೊನೆಗೆ ಹಲಗೆಯ ಬುಡದಲ್ಲಿ ಕುಕ್ಕರಿಸಿ ಕುಳಿತ.

"ಅಂವಾ ಖರೆ ಹೇಳಿದ್ದ," ಅಂದ.

ಬಾಗಲಕೋಟೆಯ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅಲ್ಲಿ ಒಂದು ಯಂತ್ರವಿತ್ತು, ಒಳಗೆ ಬಿಳಿ ಬಟ್ಟಲಿನಂಥ ಗೋಡೆ. ಅಣ್ಣನ ಕನ್ನಡಿಯದೇ ಆಕಾರ, ಅದಕ್ಕಿಂತ ದೊಡ್ಡದು. ಗದ್ದವನ್ನು ಪಟ್ಟಿಯ ಮೇಲೆ ಇಡಿಸಿ, ಕೈಗೆ ಒಂದು ಗುಂಡಿ ಕೊಟ್ಟರು. ನಡುವೆ ನೋಡುತ್ತಿರಿ, ಕಣ್ಣು ಆಡಿಸಬೇಡಿ, ಅಂಚಿನಲ್ಲಿ ಬೆಳಕಿನ ಚುಕ್ಕೆ ಕಂಡಾಗ ಗುಂಡಿ ಒತ್ತಿ ಎಂದರು ನರ್ಸಮ್ಮ. ಅಪ್ಪ ಹೇಳಿಕೊಟ್ಟದ್ದೇ. ಅಣ್ಣ ಅಲುಗದೆ ಕುಳಿತ. ನಾನು ಪಕ್ಕದಿಂದ ನೋಡುತ್ತಿದ್ದೆ. ಬಟ್ಟಲಿನ ಅಂಚಿನಲ್ಲಿ ಚುಕ್ಕೆಗಳು ಹೊತ್ತಿ ಆರುತ್ತಿದ್ದವು, ಗುಂಡಿಯ ಮೇಲೆ ಅವನ ಹೆಬ್ಬೆರಳು ಸುಮ್ಮನೆ ಕಾಯುತ್ತಿತ್ತು.

ಕಣ್ಣೊಳಗಿನ ಒತ್ತಡ ಏರಿ ನರ ಒಣಗುವ ರೋಗ, ಗ್ಲಾಕೋಮಾ ಎಂದರು ಡಾಕ್ಟರು. ನೋವಿಲ್ಲ, ಕೆಂಪಿಲ್ಲ. ಅಂಚಿನಿಂದ ಒಳಗೆ ತಿನ್ನುತ್ತ ಬರುತ್ತದೆ. ಹೋದ ಜಾಗದಲ್ಲಿ ಕಪ್ಪು ಕಾಣಿಸಿದ್ದರೆ ನಮಗೆ ತಿಳಿಯುತ್ತಿತ್ತು. ಅದು ಕಪ್ಪೂ ಕಾಣುವುದಿಲ್ಲವಂತೆ, ಅಕ್ಕಪಕ್ಕದ ಬಣ್ಣವನ್ನೇ ಮನಸ್ಸು ಅಲ್ಲಿಗೆ ಎಳೆದು ಮುಚ್ಚಿಬಿಡುತ್ತದಂತೆ. ಹಾಗಾಗಿ ಹರಕು ದಡಿಯನ್ನು ಅವನ ಮನಸ್ಸೇ ನೇಯ್ದು ಸರಿಮಾಡಿಕೊಂಡಿತ್ತು. ಹೋದದ್ದು ಬರುವುದಿಲ್ಲ. ಉಳಿದದ್ದು ಉಳಿಯಲೆಂದು ಜೀವ ಇರುವವರೆಗೆ ಹನಿ ಹಾಕಿಕೊಳ್ಳಬೇಕು. ಹನಿ ಹಾಕಿದರೆ ಉಳಿಯುತ್ತದೆಯೇ ಎಂದು ನಾನು ಕೇಳಿದೆ. ಉಳಿಸಲು ನೋಡೋಣ ಎಂದರು. ಆ ಮಾತಿನ ತೂಕ ನನಗೆ ಗೊತ್ತು. ನಮ್ಮ ವಕೀಲರೂ ಸೋಲುವ ಕೇಸಿನಲ್ಲಿ ಕಕ್ಷಿದಾರನಿಗೆ ಹಾಗೆಯೇ ಹೇಳುತ್ತಾರೆ.

ಮರಳುವಾಗ ಬಸ್ಸು ಬೀಳಗಿಯಲ್ಲಿ ನಿಂತಿತು. ಚಹಾ ತಂದು ಅವನ ಕೈಗೇ ಕೊಟ್ಟೆ, ಪಕ್ಕದಲ್ಲಿ ಇಡಲಿಲ್ಲ. ಅದನ್ನು ಅವನು ಗಮನಿಸಿದ. ಕುಡಿದು ಮುಗಿಸಿದ ಮೇಲೆ, ಇನ್ನು ಹಲಗೆಯ ಮುಂದೆ ಯಾರು ನಿಲ್ಲುತ್ತಾರೆ ಎಂದು ಕೇಳಿದ. ಅಪ್ಪ ನಿಂತ ಜಾಗ ಅದು, ಅಪ್ಪನಿಗಿಂತ ಮೊದಲು ಅವನ ಅಪ್ಪ. ಕಿಟಕಿಯ ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು.

ಆ ವಾರವೇ ರನ್ನ ಬೆಳಗಲಿಗೆ ಹೋಗಬೇಕೆಂದು ಅಣ್ಣ ಹಟ ಹಿಡಿದ. ನಮ್ಮ ಹಳೆಯ ಕೆಲಸಗಾರ ಈಗ ಮಹಾಲಿಂಗಪುರದ ಕಡೆ ಒಂದು ಬೆಲ್ಲದ ಗಾಣದಲ್ಲಿ ದುಡಿಯುತ್ತಿದ್ದ. ನಾವು ಹೋದಾಗ ಮನೆಯಲ್ಲಿದ್ದ. ಕಾದ ಪಾಕ ಸಿಡಿದು ಮುಂಗೈಯ ಮೇಲೆಲ್ಲ ಸುಟ್ಟ ಕಲೆಗಳು. ಸೂಕ್ಷ್ಮ ಎಳೆಗೆ ಗಂಟು ಹಾಕುತ್ತಿದ್ದ ಕೈ ಅದು. ಅಣ್ಣ ಸುತ್ತಿ ಬಳಸದೆ, ತಪ್ಪು ನನ್ನದು, ನೀನು ಹೇಳಿದ್ದು ನಿಜ ಎಂದ. ಕಣ್ಣಿನ ಸುದ್ದಿ ಕೇಳಿ ಆತ ನಿಜವಾಗಿ ಮರುಗಿದ, ಹೆಂಡತಿಯನ್ನು ಕರೆದು ಚಹಾ ಮಾಡಿಸಿದ, ಹನಿ ಬಿಡದೆ ಹಾಕಿಕೊಳ್ಳಲು ಹೇಳಿದ. ಮತ್ತೆ ಕೆಲಸಕ್ಕೆ ಬಾ ಎಂದಾಗ ಮಾತ್ರ ತಲೆ ತಗ್ಗಿಸಿದ.

"ಇಲ್ರಿ ಅಣ್ಣಾರ. ಓಣ್ಯಾಗ ಎಲ್ಲಾರೂ ನನ್ನ ಕೈ ಕೆಟ್ಟೈತಿ ಅಂದಾರ್ರಿ. ಮತ್ತ ಆ ಮಗ್ಗದ ಮುಂದ ನಿಂದರಾಕ ಮನಸ ಬರಂಗಿಲ್ಲ."

ಅಣ್ಣ ಒತ್ತಾಯ ಮಾಡಲಿಲ್ಲ. ಓಣಿಯಲ್ಲಿ ಹಾಗೆ ಹೇಳಿದವರಲ್ಲಿ ನಾನೂ ಇದ್ದೆ.

ಈಗ ಹಲಗೆಯ ಮುಂದೆ ವೈನಿ ನಿಲ್ಲುತ್ತಾರೆ. ಅಣ್ಣ ಬಟ್ಟೆ ಎಳೆಯುತ್ತಾನೆ, ಅವರು ನೋಡುತ್ತಾರೆ. ಹಳೆಯ ಅಭ್ಯಾಸ ಬಿಡದೆ ಅವನೂ ನಡುವೆ ನೋಟ ನೆಡುತ್ತಾನೆ, ಆಮೇಲೆ ನೆನಪಾಗಿ, ರಸ್ತೆ ದಾಟುವವರಂತೆ ಆ ಕಡೆ ಈ ಕಡೆ ಕತ್ತು ತಿರುಗಿಸುತ್ತಾನೆ. ಕೆಲಸ ನಿಧಾನ. ವಾಪಸ್ಸು ಬರುವುದು ನಿಂತಿದೆ. ಅಣ್ಣನ ಕೈಯಿಂದ ದಡಿ ಹೋಯಿತು ಎಂದು ವ್ಯಾಪಾರಿಯ ಅಂಗಡಿಯಲ್ಲಿ ಯಾರೋ ಅಂದದ್ದು ನನ್ನ ಕಿವಿಗೆ ಬಿತ್ತು. ಅದನ್ನು ಮನೆಗೆ ತರಲಿಲ್ಲ.

ಅಷ್ಟರಲ್ಲಿ ಮುಧೋಳದವರ ಫೋನು ಬಂತು. ಐಪೀಸು ಯಾವುದು ಇಟ್ಟುಕೊಂಡಿರಿ, ಇನ್ನೊಂದನ್ನು ಕೇಳುವವರಿದ್ದಾರೆ ಎಂದರು. ನಾನು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ: ಎರಡೂ ಬೇಡ. ಅಣ್ಣನ ಕಣ್ಣಿಗೆ ಹಳೆಯ ಬಿದಿರು ಕೊಳವೆಯೇ ಸಾಕು, ಅದರ ವೃತ್ತವೂ ಅವನ ನೋಟದ ವೃತ್ತವೂ ಹೆಚ್ಚು ಕಡಿಮೆ ಒಂದೇ. ಅಗಲದ್ದನ್ನು ತಂದು ಮನೆಯಲ್ಲಿಟ್ಟರೆ ಅವನನ್ನು ಅಣಕಿಸಿದ ಹಾಗಲ್ಲವೇ? ಹೀಗೆಂದು ಅವನೆದುರು ಹೇಳಲಿಲ್ಲ. ಈಗ ಬೇಡ ಬಿಡು, ಮುಂದೆ ನೋಡೋಣ ಎಂದೆ. ನನ್ನ ಹೊಟ್ಟೆಯೊಳಗಿನದನ್ನು ಅವನು ಓದಿದ.

"ನನ್ನ ಕಣ್ಣಿನ ಅಳತಿಗೆ ಆಕಾಶ ಕತ್ತರಸಬ್ಯಾಡ," ಅಂದ. "ಆ ಕನ್ನಡಿ ಎಷ್ಟು ತೋರಸ್ತೈತೋ ಅಷ್ಟು ಯಾರರೆ ಒಬ್ಬರು ನೋಡಬೇಕು. ಭಾರದ್ದ ಇಟ್ಕೋ."

ಹಗುರದ್ದು ಮುಧೋಳಕ್ಕೆ ಮರಳಿತು. ಇಂಥ ಕನ್ನಡಿ ಟೆಲಿಸ್ಕೋಪಿನಲ್ಲಿ ಐಪೀಸು ಕೂರುವುದು ಮೂತಿಯ ಬದಿಯಲ್ಲಿ, ಭಾರದ್ದನ್ನು ಹಾಕಿದರೆ ಆ ಮೂತಿ ಕೆಳಕ್ಕೆ ಜಗ್ಗುತ್ತಿತ್ತು. ಅಣ್ಣ ಮಗ್ಗಕ್ಕೆ ತೂಗುಹಾಕುವ ಹಳೆಯ ಕಬ್ಬಿಣದ ತೂಕವೊಂದನ್ನು ತಂದು ಕೊಳವೆಯ ಹಿಂದಿನ ತುದಿಗೆ ಕಟ್ಟಿ, ಸರಿಸಿ ಸರಿಸಿ, ಬೆರಳು ಬಿಟ್ಟರೂ ನಿಲ್ಲುವಂತೆ ಮಾಡಿದ. ಆ ಕೆಲಸ ಮಾಡುವಾಗ ಅವನ ಮುಖ ಮೊದಲಿನ ಹಾಗಾಗಿತ್ತು. ನನಗೆ ಅಳು ಬಂತು, ನೀರು ಕುಡಿಯುವ ನೆಪದಲ್ಲಿ ಕೆಳಗೆ ಹೋಗಿ ಬಂದೆ.

ಮುಂದಿನ ಸಲ ಸಂಜೆ ಕರೆಂಟು ಹೋದಾಗ ಇಬ್ಬರೂ ಮೇಲೆ ಹೋದೆವು. ಮೆಟ್ಟಿಲಲ್ಲಿ ಅವನು ನನ್ನ ಭುಜ ಹಿಡಿದುಕೊಂಡಿದ್ದ. ಕೃತ್ತಿಕೆ ಪಡುವಣಕ್ಕೆ ವಾಲಿತ್ತು. ಮೊದಲು ಅವನು ನೋಡಿದ. ನಡುವಿನ ಚುಕ್ಕೆಗಳು ಚಂದ ಇವೆ ಎಂದ, ಅಷ್ಟೇ ಹೇಳಿ ಸರಿದು ನಿಂತ. ನಾನು ಕಣ್ಣಿಟ್ಟೆ. ಇಡೀ ಗುಂಪು, ಅದರ ಸುತ್ತಲಿನ ಹೆಸರಿಲ್ಲದ ಪುಡಿಚುಕ್ಕೆಗಳೂ ಸೇರಿ, ಒಂದೇ ನೋಟದಲ್ಲಿ ತುಂಬಿಕೊಂಡಿದ್ದವು. ಅಷ್ಟು ಅಗಲವಾಗಿ ಕಂಡದ್ದಕ್ಕೆ ನನಗೆ ನಾಚಿಕೆಯಾಯಿತು.

"ದಡಿ ಹೆಂಗೈತಿ?" ಅಣ್ಣ ಕೇಳಿದ.

ಸ್ವಚ್ಛ ಇದೆ ಎಂದೆ. ಅವನಿಗೆ ಸಂತೋಷವಾಗಲೆಂದು, ಚೂರೂ ಬಾಲವಿಲ್ಲ ಎಂದೂ ಸೇರಿಸಿದೆ.

ಕೆಳಗೆ ಯಾರ ಮನೆಯಲ್ಲೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ಈ ಕನ್ನಡಿ ಉಜ್ಜಿದಾಂವ ನಾನು," ಅಂದ. "ಇದರ ದಡಿ ಸ್ವಚ್ಛ ಇರಾಕ ಸಾಧ್ಯನ ಇಲ್ಲ. ನಾ ಕೇಳಿದಾಗ ನೀನೂ ಹಿಂಗ ಸಮಾಧಾನದ ಮಾತ ಹೇಳಾಕ ಹತ್ತಿದ್ರ, ಅವತ್ತ ನಾ ಖರೇನ ಕುರುಡ ಆದಂಗ, ತಮ್ಮಾ."

ನಾನು ಮತ್ತೆ ಬಗ್ಗಿದೆ. ಎಡಗಡೆಯ ತುದಿಯಿಂದ ಶುರು ಮಾಡಿದೆ. ಇಲ್ಲಿ ಒಂದು ಚುಕ್ಕೆ, ಬಾಲ ಹೊರಮುಖವಾಗಿದೆ, ಗಿಡ್ಡ ಬಾಲ. ಅದರ ಕೆಳಗೆ ಎರಡು, ಅವಕ್ಕೆ ಇನ್ನೂ ಸ್ವಲ್ಪ ಉದ್ದ. ಅವನು ಹೂಂಗುಟ್ಟುತ್ತ ಹೋದ. ಬಲಗಡೆ ಹೇಗೆ, ಮೇಲೆ ಹೇಗೆ ಎಂದು ಕೇಳಿದ, ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅಷ್ಟರಲ್ಲಿ ಕರೆಂಟು ಬಂತು. ಓಣಿಯ ಮಗ್ಗಗಳೆಲ್ಲ ಒಂದಾದ ಮೇಲೊಂದು ಎದ್ದು ಬಡಿಯತೊಡಗಿದವು, ಮಾಳಿಗೆ ಅದುರಿತು. ಚುಕ್ಕೆಗಳು ನಡುಗುತ್ತಿವೆ ಎಂದು ಅದನ್ನೂ ಅವನಿಗೆ ಹೇಳಿದೆ.